ಬೆರಳಿಗೊಂದು ಲಿಪಿ

ಗಿಟಾರ್ ಕಲಿಯುವವರು ಕಂಪ್ಯೂಟರಿನಲ್ಲಿ ನೋಡುವ ಆರು ಗೆರೆಗಳ ‘ಟ್ಯಾಬ್’ ಹೊಸದೇನಲ್ಲ. 1507ರಲ್ಲೇ ವೆನಿಸ್ ನಗರದ ಮುದ್ರಕ ಪೆಟ್ರುಚಿ, ಗಿಟಾರಿನ ನೆಂಟನಾದ ಲ್ಯೂಟ್ ವಾದ್ಯಕ್ಕೆ ಇಂಥದೇ ಲಿಪಿಯ ಪುಸ್ತಕ ಅಚ್ಚು ಹಾಕಿದ್ದ. ಗೆರೆ ಎಂದರೆ ತಂತಿ. ಅಂಕಿ ಎಂದರೆ ಬೆರಳಿಡಬೇಕಾದ ಮೆಟ್ಟಿಲು. ಸ್ವರದ ಹೆಸರು ಗೊತ್ತಿಲ್ಲದಿದ್ದರೂ ನುಡಿಸಬಹುದು. ಎಷ್ಟು ಹೊತ್ತು ನುಡಿಸಬೇಕೆಂಬುದಕ್ಕೆ ಗೆರೆಗಳ ಮೇಲೆ ಬೇರೆ ಗುರುತುಗಳಿದ್ದವು.

1990ರ ದಶಕದಲ್ಲಿ ಉತ್ಸಾಹಿಗಳು ಟೈಪ್ ಮಾಡಿ ಅಂತರ್ಜಾಲದಲ್ಲಿ ಹಂಚಿದ ಟ್ಯಾಬ್‌ಗಳಲ್ಲಿ ಈ ಗುರುತೇ ಬಹುಮಟ್ಟಿಗೆ ಮಾಯ! ಹಾಡನ್ನು ಮೊದಲೇ ಕೇಳಿರದವನಿಗೆ ಅದು ಬರೀ ಅಂಕಿಗಳ ಸಾಲು. 1997ರಲ್ಲಿ ಫ್ರಾನ್ಸಿನಿಂದ ಬಂದ ‘ಗಿಟಾರ್ ಪ್ರೊ’ ತಂತ್ರಾಂಶದಲ್ಲಿ ಅಂಕಿಯ ಜೊತೆಗೆ ಕಾಲವನ್ನೂ ಬರೆಯಲೇಬೇಕು. ಬರೆದದ್ದನ್ನು ಅದೇ ನುಡಿಸಿ ತೋರಿಸುತ್ತದೆ, ಬೇಕೆಂದರೆ ನಿಧಾನವಾಗಿ. ತಾಳದ ಲೆಕ್ಕ ತಪ್ಪಿದ ಭಾಗ ಪರದೆಯಲ್ಲಿ ಕೆಂಪಾಗುತ್ತದೆ.