ಶನಿವಾರ ಶನಿವಾರ ತೆಗೆದ ಸಿನಿಮಾ: ‘ಫಾಲೋಯಿಂಗ್’ ಹುಟ್ಟಿದ ಬಗೆ

2024ರಲ್ಲಿ ‘ಓಪನ್‌ಹೈಮರ್’ ಚಿತ್ರಕ್ಕೆ ಏಳು ಆಸ್ಕರ್ ಬಂದಾಗ ಕ್ರಿಸ್ಟೋಫರ್ ನೋಲನ್ ಹೆಸರು ನಮ್ಮ ಹಳ್ಳಿಗಳ ಮೊಬೈಲ್‌ಗಳಲ್ಲೂ ಓಡಾಡಿತು. ಅದೇ ನಿರ್ದೇಶಕರ ಮೊದಲ ಚಿತ್ರಕ್ಕೆ ಆದ ಖರ್ಚು ಸುಮಾರು 6,000 ಡಾಲರ್. ಅಂದಿನ ಲೆಕ್ಕದಲ್ಲಿ ಎರಡೂವರೆ ಲಕ್ಷ ರೂಪಾಯಿ ಆಸುಪಾಸು. 1998ರಲ್ಲಿ ತೆರೆ ಕಂಡ ಆ ಚಿತ್ರದ ಹೆಸರು ‘ಫಾಲೋಯಿಂಗ್’, ಅಂದರೆ ಹಿಂಬಾಲಿಸುವುದು. ಎಪ್ಪತ್ತು ನಿಮಿಷದ, ಕಪ್ಪು ಬಿಳುಪಿನ ಥ್ರಿಲ್ಲರ್. ಅಷ್ಟು ಕಡಿಮೆ ದುಡ್ಡಿನಲ್ಲಿ ಅದು ಹೇಗೆ ತಯಾರಾಯಿತು, ಕಥೆಯನ್ನು ಯಾಕೆ ಹಿಂದುಮುಂದು ಮಾಡಿ ಹೇಳಿತು ಎಂಬುದನ್ನು ಇಲ್ಲಿ ನೋಡೋಣ.

ನೋಲನ್ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಓದಿದ್ದು ಇಂಗ್ಲಿಷ್ ಸಾಹಿತ್ಯ. ಸಿನಿಮಾ ಕಲಿತದ್ದು ಅಲ್ಲಿನ ವಿದ್ಯಾರ್ಥಿಗಳ ಫಿಲ್ಮ್ ಸೊಸೈಟಿಯಲ್ಲಿ. ಮುಂದೆ ಅವರ ಪತ್ನಿಯೂ ನಿರ್ಮಾಪಕಿಯೂ ಆದ ಎಮ್ಮಾ ಥಾಮಸ್ ಪರಿಚಯವಾದದ್ದೂ ಆ ಕಾಲೇಜಿನಲ್ಲೇ. ‘ಫಾಲೋಯಿಂಗ್’ ತಂಡದವರಿಗೆ ವಾರವಿಡೀ ಬೇರೆ ಬೇರೆ ಕೆಲಸ. ಹಾಗಾಗಿ ಶೂಟಿಂಗ್ ಶನಿವಾರ ಮಾತ್ರ. ಹೀಗೆ ಹೆಚ್ಚುಕಡಿಮೆ ಒಂದು ವರ್ಷ ನಡೆಯಿತು.

ದುಡ್ಡು ಹೆಚ್ಚು ಹೋಗುತ್ತಿದ್ದದ್ದು 16 ಎಂಎಂ ರೀಲಿಗೆ. ರೀಲು ಹಾಳಾಗಬಾರದು ಅಂತ ಕಲಾವಿದರು ನಾಟಕದವರ ಹಾಗೆ ಮೊದಲೇ ಸಾಕಷ್ಟು ತಾಲೀಮು ಮಾಡುತ್ತಿದ್ದರು. ಒಂದು ಶಾಟ್ ಒಂದೋ ಎರಡೋ ಸಲಕ್ಕೆ ಮುಗಿಯಬೇಕು. ದೊಡ್ಡ ಲೈಟುಗಳಿಲ್ಲ, ಕಿಟಕಿಯ ಬೆಳಕೇ ಸಾಕು. ಕಪ್ಪು ಬಿಳುಪಾದ್ದರಿಂದ ಅದು ನಡೆಯಿತು. ಸೆಟ್ ಹಾಕುವ ಬದಲು ಗೆಳೆಯರ, ಮನೆಯವರ ಮನೆಗಳಲ್ಲೇ ಚಿತ್ರೀಕರಣ. ಕಥೆ ಬರೆದು, ನಿರ್ದೇಶಿಸಿ, ಕ್ಯಾಮೆರಾ ಹಿಡಿದವರು ನೋಲನ್. ಪೊಲೀಸಿನವರ ಪಾತ್ರ ಮಾಡಿದ್ದು ಅವರ ಚಿಕ್ಕಪ್ಪ ಜಾನ್ ನೋಲನ್.

ಕಥೆ ಇಷ್ಟು. ಕೆಲಸವಿಲ್ಲದ, ಬರಹಗಾರನಾಗುವ ಆಸೆಯ ಒಬ್ಬ ಯುವಕ ಲಂಡನ್ ಬೀದಿಗಳಲ್ಲಿ ಗುರುತಿಲ್ಲದವರ ಹಿಂದೆ ಹೋಗುತ್ತಾನೆ. ಒಬ್ಬರನ್ನು ಎರಡನೇ ಸಲ ಹಿಂಬಾಲಿಸಬಾರದು ಅಂತ ತಾನೇ ಮಾಡಿಕೊಂಡ ನಿಯಮವನ್ನು ತಾನೇ ಮುರಿಯುತ್ತಾನೆ. ಕಾಬ್ ಎಂಬ ಸೂಟುಧಾರಿ ಅವನನ್ನು ಹಿಡಿದು ಮಾತಾಡಿಸುತ್ತಾನೆ. ಕಾಬ್ ಮನೆಗಳ್ಳ. ಆದರೆ ಅವನಿಗೆ ಬೆಲೆಬಾಳುವ ಸಾಮಾನಿಗಿಂತ ಆ ಮನೆಯವರ ಗುಟ್ಟುಗಳ ಮೇಲೆ ಹೆಚ್ಚು ಆಸೆ. ಯುವಕ ಅವನ ಜತೆಗೂಡುತ್ತಾನೆ. ನೋಲನ್ ಅವರ ಮನೆಯಲ್ಲೂ ಒಮ್ಮೆ ಕಳ್ಳತನ ಆಗಿತ್ತು, ಆ ಅನುಭವ ಈ ಕಥೆಯೊಳಗೆ ಸೇರಿದೆ.

ಇದನ್ನು ಚಿತ್ರ ಸಾಲಾಗಿ ಹೇಳುವುದಿಲ್ಲ. ಯುವಕ ತನ್ನ ಕಥೆಯನ್ನು ಹಿರಿಯರೊಬ್ಬರ ಮುಂದೆ ಹೇಳಿಕೊಳ್ಳುವುದರಿಂದ ಶುರುವಾಗಿ, ಬಳಿಕ ಕಾಲ ಹಿಂದಕ್ಕೂ ಮುಂದಕ್ಕೂ ಜಿಗಿಯುತ್ತದೆ. ಆದರೂ ನೋಡುವವರು ದಾರಿ ತಪ್ಪದ ಹಾಗೆ ಒಂದು ಗುರುತು ಇಟ್ಟಿದ್ದಾರೆ: ಯುವಕನ ಮುಖ. ಉದ್ದ ಕೂದಲು, ಕುರುಚಲು ಗಡ್ಡ ಇದ್ದರೆ ಅದು ಮೊದಲಿನ ದಿನಗಳು. ಕೂದಲು ಕತ್ತರಿಸಿ ಸೂಟು ಹಾಕಿದ್ದರೆ ನಡುವಿನ ದಿನಗಳು. ಮುಖ ಬಾತು ಗಾಯವಾಗಿದ್ದರೆ ಆಮೇಲಿನದು. ಇದಕ್ಕೆ ಒಂದು ಕತ್ತರಿ, ಒಂದು ಸೂಟು, ಸ್ವಲ್ಪ ಮೇಕಪ್ ಸಾಕು.

ಹಿಂದುಮುಂದು ಮಾಡಿದ್ದು ಬರೀ ಚಮತ್ಕಾರಕ್ಕಲ್ಲ. ಗಾಯ ಮೊದಲು ಕಾಣುತ್ತದೆ, ಹೊಡೆದದ್ದು ಯಾರು, ಯಾಕೆ ಅನ್ನುವುದು ಆಮೇಲೆ. ಹಿಂಬಾಲಿಸುತ್ತಿರುವವನು ನಾನು ಅಂದುಕೊಂಡ ಯುವಕ ನಿಜವಾಗಿ ನಡೆಯುತ್ತಿರುವುದು ಬೇರೆಯವರು ಹಾಕಿಟ್ಟ ದಾರಿಯಲ್ಲಿ. ನಮಗೂ ತುಣುಕು ತುಣುಕಾಗಿ ಸಿಗುವುದರಿಂದ ಅವನ ಜತೆ ನಾವೂ ಮೋಸ ಹೋಗುತ್ತೇವೆ. ಯಾವುದನ್ನು ಮೊದಲು ತೋರಿಸಬೇಕು ಎಂದು ತೀರ್ಮಾನಿಸುವವರ ಕೈಯಲ್ಲಿ ನಮ್ಮ ನಂಬಿಕೆಯೂ ಇರುತ್ತದೆ.

ಪತ್ರಿಕೋದ್ಯಮ ಓದಿದ ನಮಗೆ ಇದು ಹೊಸದಲ್ಲ. ಸುದ್ದಿಯನ್ನು ತಲೆಕೆಳಗಾದ ಪಿರಮಿಡ್‌ನಂತೆ ಬರೆಯಿರಿ, ಮುಖ್ಯವಾದದ್ದು ಮೊದಲ ಸಾಲಿನಲ್ಲಿರಲಿ ಎಂದು ನಮಗೆ ಕಲಿಸಿದ್ದರು. ‘ರೈತರು ಕಚೇರಿಗೆ ಬೀಗ ಜಡಿದರು’ ಎಂದು ಶುರುಮಾಡಿ, ಕಾಲುವೆಗೆ ನೀರು ಬಿಡದೆ ಮೂರು ತಿಂಗಳಾಯಿತು ಎಂಬುದನ್ನು ಕೊನೆಗೆ ತಳ್ಳಿದರೆ ತಪ್ಪಿತಸ್ಥರು ಯಾರಾಗುತ್ತಾರೆ? ಬರೆದದ್ದೆಲ್ಲ ನಿಜವೇ, ಬದಲಾದದ್ದು ಸಾಲು ಮಾತ್ರ.

‘ಫಾಲೋಯಿಂಗ್’ಗೆ 1999ರಲ್ಲಿ ನೆದರ್ಲೆಂಡ್ಸ್‌ನ ರಾಟರ್‌ಡ್ಯಾಮ್ ಚಿತ್ರೋತ್ಸವದ ಟೈಗರ್ ಪ್ರಶಸ್ತಿ ಬಂತು. ಮರುವರ್ಷವೇ ನೋಲನ್ ‘ಮೆಮೆಂಟೊ’ ಮಾಡಿದರು. ಅದರಲ್ಲಿ ಬಣ್ಣದ ದೃಶ್ಯಗಳು ಹಿಂದಕ್ಕೆ, ಕಪ್ಪು ಬಿಳುಪಿನವು ಮುಂದಕ್ಕೆ ಚಲಿಸುತ್ತವೆ. ತಮಿಳು, ಹಿಂದಿಯ ‘ಗಜಿನಿ’ ನೋಡಿದ್ದೀರಲ್ಲ, ನೆನಪು ನಿಲ್ಲದ ನಾಯಕನ ಎಳೆ ಅದಕ್ಕೆ ಸಿಕ್ಕಿದ್ದು ಇಲ್ಲಿಂದಲೇ. ‘ಓಪನ್‌ಹೈಮರ್’ನಲ್ಲೂ ಬಣ್ಣ ಮತ್ತು ಕಪ್ಪು ಬಿಳುಪಿನ ಎರಡು ಎಳೆ ಇವೆ, ಕಾಲ ಅಲ್ಲೂ ನೇರವಾಗಿ ಸಾಗುವುದಿಲ್ಲ. ಬಜೆಟ್ ಸಾವಿರಾರು ಪಟ್ಟು ಬೆಳೆಯಿತು, ಹೇಳುವ ಕ್ರಮ ಮಾತ್ರ ಆ ಶನಿವಾರಗಳದ್ದೇ.

ವಾಟ್ಸಾಪ್‌ನಲ್ಲಿ ಜಗಳದ ಕೊನೆಯ ಅರ್ಧ ನಿಮಿಷದ ವಿಡಿಯೊ ಬಂದಾಗ ನಿಮಗೆ ಸಿಗುವುದೂ ಬಾತ ಮುಖದ ತುಣುಕೇ. ಸಿನಿಮಾ ಕೊನೆಗಾದರೂ ಉಳಿದ ತುಣುಕುಗಳನ್ನು ಕೊಡುತ್ತದೆ. ವಿಡಿಯೊ ಕಳಿಸಿದವರು ಕೊಡುವುದಿಲ್ಲ, ನಾವೇ ಕೇಳಬೇಕು: ಇದಕ್ಕೆ ಮುಂಚೆ ಏನಾಗಿತ್ತು?