ಚದುರಂಗದ ಎಂಜಿನ್‌ಗಳ ರೇಟಿಂಗ್ ಪಟ್ಟಿ: ಆಯ್ಕೆಯ ಪ್ರಶ್ನೆ

ಚದುರಂಗದ ಎಂಜಿನ್ ಎಂದರೆ ಮಣೆಯ ಮೇಲಿನ ಸ್ಥಿತಿಯನ್ನು ಪರಿಶೀಲಿಸಿ ಮುಂದಿನ ನಡೆಯನ್ನು ಆರಿಸುವ ಕಂಪ್ಯೂಟರ್ ಪ್ರೋಗ್ರಾಮು. ಇಂಥ ಎಂಜಿನ್‌ಗಳನ್ನು ಪರಸ್ಪರ ಆಡಿಸಿ, ಅವುಗಳ ಬಲವನ್ನು ಅಂಕಿಗಳಲ್ಲಿ ತೋರಿಸುವ ರೇಟಿಂಗ್ ಪಟ್ಟಿಗಳು ಕಂಪ್ಯೂಟರ್ ಚದುರಂಗದ ಇತಿಹಾಸಕ್ಕೆ ಮುಖ್ಯವಾದ ಆಧಾರಗಳು. ಆದರೆ ಪಟ್ಟಿಯಲ್ಲಿ ಯಾವುದು ಸೇರಿತು, ಯಾವುದು ಸೇರಲಿಲ್ಲ, ಏಕೆ ಎಂಬುದನ್ನು ವಿಚಾರಿಸದೆ ಈ ಆಧಾರವನ್ನು ಬಳಸುವುದು ಯುಕ್ತವಲ್ಲ. ಹವ್ಯಾಸಿಗಳು ರಚಿಸಿದ ಎಂಜಿನ್‌ಗಳ ವಿಷಯದಲ್ಲಂತೂ ಈ ವಿಚಾರಣೆ ಅತ್ಯಗತ್ಯ.

ಸ್ವೀಡನ್ನಿನ ಚದುರಂಗ ಕಂಪ್ಯೂಟರ್ ಸಂಘವು 1984ರಲ್ಲಿ ತನ್ನ ಪಟ್ಟಿಯನ್ನು ಪ್ರಾರಂಭಿಸಿತು. ಮನುಷ್ಯ ಆಟಗಾರರಿಗಾಗಿ ಅರ್ಪಾಡ್ ಎಲೋ ಅವರು ರೂಪಿಸಿದ್ದ, 1970ರಲ್ಲಿ ವಿಶ್ವ ಚದುರಂಗ ಒಕ್ಕೂಟವು ಅಂಗೀಕರಿಸಿದ್ದ ಗಣನಕ್ರಮವೇ ಇದಕ್ಕೂ ತಳಹದಿ. ಆಗ ಪರೀಕ್ಷೆಗೆ ಬರುತ್ತಿದ್ದುವು ಮುಖ್ಯವಾಗಿ ಫಿಡೆಲಿಟಿ, ಮೆಫಿಸ್ಟೊ, ನೊವಾಗ್ ಮುಂತಾದ ಹೆಸರುಗಳಲ್ಲಿ ಮಾರಾಟವಾಗುತ್ತಿದ್ದ ಯಂತ್ರಗಳು. ಪರೀಕ್ಷಕರು ಒಂದು ಯಂತ್ರದ ನಡೆಯನ್ನು ನೋಡಿ ಮತ್ತೊಂದರ ಮಣೆಯ ಮೇಲೆ ಕೈಯಾರೆ ನಡೆಸಬೇಕಾಗಿತ್ತು. ಯಾವುದನ್ನು ಪರೀಕ್ಷಿಸಬೇಕೆಂಬುದನ್ನು ಬಹುಮಟ್ಟಿಗೆ ಮಾರುಕಟ್ಟೆಯೇ ನಿರ್ಣಯಿಸುತ್ತಿತ್ತೆನ್ನಬಹುದು.

ಮುಂದೆ ಈ ಪರಿಸ್ಥಿತಿ ಬದಲಾಯಿತು. ವಿನ್‌ಬೋರ್ಡ್ ಎಂಬ ಉಚಿತ ಸಾಧನವೂ, 2000ದಲ್ಲಿ ರುಡಾಲ್ಫ್ ಹೂಬರ್ ಮತ್ತು ಸ್ಟೆಫಾನ್ ಮೇಯರ್-ಕಾಲೆನ್ ಅವರು ಪ್ರಕಟಿಸಿದ ಯುಸಿಐ ಎಂಬ ಸಂವಹನ ನಿಯಮಾವಳಿಯೂ ಎಂಜಿನ್‌ಗಳು ಮನುಷ್ಯನ ಸಹಾಯವಿಲ್ಲದೆ ಪರಸ್ಪರ ಆಡುವಂತೆ ಮಾಡಿದುವು. ಬಿಡುವಿನ ವೇಳೆಯಲ್ಲಿ ಎಂಜಿನ್ ಬರೆಯುವವರ ಸಂಖ್ಯೆ ಬೆಳೆಯಿತು. ಫಾಬಿಯೆನ್ ಲೆತೂಜೆ ಅವರ ‘ಫ್ರೂಟ್’ 2004ರಲ್ಲಿ ಹೊರಬಂದು, ಮರುವರ್ಷವೇ ರೇಕ್ಯಾವಿಕ್‌ನಲ್ಲಿ ನಡೆದ ವಿಶ್ವ ಕಂಪ್ಯೂಟರ್ ಚದುರಂಗ ಸ್ಪರ್ಧೆಯಲ್ಲಿ ಎರಡನೆಯ ಸ್ಥಾನ ಪಡೆಯಿತು. ಹೆಸರಿಲ್ಲದ ಹವ್ಯಾಸಿಯನ್ನು ಕಡೆಗಣಿಸುವಂತಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಹಾಗಾದರೆ ಎಲ್ಲವನ್ನೂ ಏಕೆ ಸೇರಿಸಬಾರದು? ಉತ್ತರ ಸರಳವಾದ ಲೆಕ್ಕದಲ್ಲಿದೆ. ಪ್ರತಿ ಪಕ್ಷಕ್ಕೂ 40 ನಡೆಗಳಿಗೆ 40 ನಿಮಿಷವೆಂದು ಇಟ್ಟುಕೊಂಡರೆ, 60 ನಡೆಗಳ ಒಂದು ಆಟಕ್ಕೆ ಸುಮಾರು ಎರಡು ಗಂಟೆ ಹಿಡಿಯುತ್ತದೆ. 100 ಆಟಗಳನ್ನು ಒಂದೊಂದಾಗಿ ಆಡಿಸಲು 200 ಗಂಟೆ, ಅಂದರೆ ಎಂಟು ದಿನಕ್ಕೂ ಮೇಲೆ ಬೇಕು. ಅಷ್ಟಾದರೂ ದೊರೆಯುವ ಅಂಕಿಯಲ್ಲಿ ಎರಡೂ ಬದಿಗೆ ಸುಮಾರು 60ರಷ್ಟು ಅನಿಶ್ಚಯ ಉಳಿಯುತ್ತದೆ. ಅದನ್ನು ಅರ್ಧಕ್ಕಿಳಿಸಲು ನಾಲ್ಕರಷ್ಟು ಆಟಗಳು ಬೇಕು. ಪರೀಕ್ಷಕರೂ ಸ್ವಂತ ಕಂಪ್ಯೂಟರುಗಳನ್ನು ದುಡಿಸುವ ಹವ್ಯಾಸಿಗಳೇ. ಆದುದರಿಂದ ಒಂದನ್ನು ಸೇರಿಸುವುದೆಂದರೆ ಮತ್ತೊಂದನ್ನು ಕಾಯಿಸುವುದೆಂದೇ ಅರ್ಥ.

ಎಂಜಿನ್ ನಡುವೆ ನಿಂತುಹೋಗದೆ ಆಡಬೇಕು, ನಿಯಮಾವಳಿಯನ್ನು ಪಾಲಿಸಬೇಕು, ಎಲ್ಲರಿಗೂ ದೊರಕುವಂತಿರಬೇಕು ಎಂಬ ನಿಬಂಧನೆಗಳಲ್ಲಿ ವಿವಾದವಿಲ್ಲ. ತೀರ ದುರ್ಬಲವಾದುದನ್ನು ತೀರ ಪ್ರಬಲವಾದುದರೊಡನೆ ಆಡಿಸಿದರೆ ಫಲಿತಾಂಶ ಮೊದಲೇ ತಿಳಿದಿರುವುದರಿಂದ ಅಳತೆಗೆ ಉಪಯೋಗವಿಲ್ಲ. ತಕ್ಕ ಎದುರಾಳಿಗಳನ್ನು ಹುಡುಕಬೇಕು. ಕಠಿಣವಾದ ಪ್ರಶ್ನೆ ಸ್ವಂತಿಕೆಯದು. 2005ರ ಡಿಸೆಂಬರಿನಲ್ಲಿ ಹೊರಬಂದ ‘ರಿಬ್ಕಾ’ ಬೇಗನೆ ಪಟ್ಟಿಗಳ ಅಗ್ರಸ್ಥಾನಕ್ಕೇರಿತು. 2011ರಲ್ಲಿ ಅಂತರರಾಷ್ಟ್ರೀಯ ಕಂಪ್ಯೂಟರ್ ಗೇಮ್ಸ್ ಸಂಘವು, ಅದು ‘ಕ್ರಾಫ್ಟಿ’ ಮತ್ತು ‘ಫ್ರೂಟ್’ಗಳಿಂದ ಎರವಲು ಪಡೆದುದೆಂದು ತೀರ್ಮಾನಿಸಿ, 2007ರಿಂದ 2010ರ ವರೆಗಿನ ವಿಶ್ವಪದವಿಗಳನ್ನು ಹಿಂದಕ್ಕೆ ಪಡೆಯಿತು. ಅದರ ಕರ್ತೃ ಈ ಆರೋಪವನ್ನು ಒಪ್ಪಲಿಲ್ಲ. ಪದವಿಗಳು ಹೋದರೂ ರೇಟಿಂಗ್ ಪಟ್ಟಿಗಳಲ್ಲಿ ರಿಬ್ಕಾದ ಅಂಕಿ ಉಳಿಯಿತು. ಗೌರವಿಸುವುದು ಬೇರೆ, ಅಳೆಯುವುದು ಬೇರೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಎರವಲೆಲ್ಲವೂ ಅಪರಾಧವೂ ಅಲ್ಲ. ‘ಗ್ಲೌರುಂಗ್’ ಎಂಬುದರಿಂದ 2008ರಲ್ಲಿ ‘ಸ್ಟಾಕ್‌ಫಿಶ್’ ಹುಟ್ಟಿದುದು ಮುಕ್ತ ಪರವಾನಗಿಯ ಮೇರೆಗೆ, ಮೂಲವನ್ನು ಬಹಿರಂಗವಾಗಿ ಹೇಳಿಕೊಂಡು. ಮುಂದೆ ಅದು ಮೂಲವನ್ನು ಬಹು ದೂರ ಮೀರಿ ಬೆಳೆಯಿತು. ಆದರೆ ನಾಲ್ಕು ಸಾಲು ತಿದ್ದಿ ಹೊಸ ಹೆಸರಿಟ್ಟ ಪ್ರತಿಯು ಕಾನೂನಿಗೆ ಸಮ್ಮತವಾಗಿದ್ದರೂ ಪಟ್ಟಿಗೆ ಹೊಸದೇನನ್ನೂ ಕೊಡದು. ಅದೇ ಸಾಕ್ಷಿಯನ್ನು ಎರಡು ಬಾರಿ ಕರೆದಂತಾಗುತ್ತದೆ. ಬಲವೇ ಪಟ್ಟಿಯ ಗುರಿಯೆಂದು ವಾದಿಸುವವರುಂಟು. ಬಳಕೆದಾರನಿಗೆ ಆ ವಾದ ಸಾಕು. ಇತಿಹಾಸಕ್ಕಾದರೋ, ಪ್ರಬಲವಾದ ನಕಲಿಗಿಂತ ಸ್ವಂತ ಬುದ್ಧಿಯಿಂದ ಬರೆದ ದುರ್ಬಲ ಎಂಜಿನ್ನೇ ಹೆಚ್ಚು ಬೆಲೆಯುಳ್ಳದ್ದು. ಒಬ್ಬ ಮನುಷ್ಯ ಏಕಾಂಗಿಯಾಗಿ ಎಲ್ಲಿಯವರೆಗೆ ತಲಪಿದನೆಂಬುದನ್ನು ಅದರ ಅಂಕಿ ತಿಳಿಸುತ್ತದೆ.

ಆದುದರಿಂದ ಪಟ್ಟಿಯನ್ನು ಸಿದ್ಧಪಡಿಸುವವರು ಆಯ್ಕೆಯ ನಿಯಮಗಳನ್ನೂ, ಬಿಟ್ಟವುಗಳ ಹೆಸರನ್ನು ಕಾರಣಸಹಿತವಾಗಿಯೂ ಪಟ್ಟಿಯೊಡನೆ ಪ್ರಕಟಿಸುವುದು ಉಚಿತ. ಅಂಥ ಬರಹವಿಲ್ಲದಿದ್ದರೆ, ಮುಂದಿನ ಸಂಶೋಧಕನಿಗೆ ಪರೀಕ್ಷೆಗೆ ಬಾರದ ಎಂಜಿನ್ ಹುಟ್ಟಲೇ ಇಲ್ಲವೆಂಬಂತೆ ತೋರುತ್ತದೆ.