ಆರು ತುಂಡಾದ ಪಾಠ

ಗುಂಪಾಗಿ ವಿಷಯ ಮಂಡಿಸಿರೆಂದರೆ ಒಬ್ಬಳೇ ಬರೆದು ಓದುತ್ತಿದ್ದುದು, ಉಳಿದವರು ಚಾರ್ಟು ಹಿಡಿದು ನಿಲ್ಲುತ್ತಿದ್ದುದು ನಿಮಗೆ ನೆನಪಿರಬಹುದು. ಅಂಕ ಮಾತ್ರ ಎಲ್ಲರಿಗೂ ಸಮ!

ಅಮೆರಿಕದ ಟೆಕ್ಸಾಸ್ ರಾಜ್ಯದ ಆಸ್ಟಿನ್ ನಗರದಲ್ಲಿ 1971ರಲ್ಲಿ ಬಿಳಿಯ, ಕಪ್ಪು, ಮೆಕ್ಸಿಕನ್ ಮೂಲದ ಮಕ್ಕಳು ಒಂದೇ ಶಾಲೆಗೆ ಬಂದಾಗ ಹೊಡೆದಾಟಗಳಾದವು. ತರಗತಿಗಳಲ್ಲಿ ಕುಳಿತು ನೋಡಿದ ಮನಶ್ಶಾಸ್ತ್ರಜ್ಞ ಎಲಿಯಟ್ ಆರನ್‌ಸನ್ ಅವರಿಗೆ ಕಂಡದ್ದು ಪೈಪೋಟಿ. ಅವರು ಗಣ್ಯರೊಬ್ಬರ ಜೀವನಚರಿತ್ರೆಯನ್ನು ಆರು ತುಂಡು ಮಾಡಿಸಿ, ಗುಂಪಿನ ಪ್ರತಿ ಮಗುವಿಗೂ ಒಂದೊಂದನ್ನೇ ಕೊಡಿಸಿದರು. ಅದೇ ‘ಜಿಗ್ಸಾ’ ಪದ್ಧತಿ. ಇಂಗ್ಲಿಷಿನಲ್ಲಿ ತಡವರಿಸುವ ಹುಡುಗನನ್ನು ಹಂಗಿಸಿದರೆ ಅವನ ಭಾಗ ಯಾರಿಗೂ ತಿಳಿಯದು. ಪರೀಕ್ಷೆಯೋ ಇಡೀ ಪಾಠದ ಮೇಲೆ, ಒಬ್ಬೊಬ್ಬರಿಗೂ ಪ್ರತ್ಯೇಕ. ಹಂಗಿಸಿದವರೇ ಕ್ರಮೇಣ ಪ್ರಶ್ನೆ ಕೇಳಿ ಅವನನ್ನು ಮಾತಾಡಿಸಿದರು.

ನಾನಿದನ್ನು ಓದಿದ್ದು ನಿವೃತ್ತಿಯ ಮೇಲೆ. ಚಾರ್ಟು ಹಿಡಿದು ನಿಂತಿದ್ದವರಲ್ಲಿ ಕೆಲವರ ದನಿಯನ್ನೇ ನಾನು ವರ್ಷವಿಡೀ ಕೇಳಿರಲಿಲ್ಲ.